ನರ ಅಂದರೆ ಯಾವ ನರ

ಸ್ಕ್ಯಾನ್ ಕೋಣೆಯ ಬಾಗಿಲಲ್ಲೇ ಅಮೋಲನ ತಾಯಿ ಯಮುನಾಬಾಯಿ ಭಕ್ತಿಯ ಬಾಯಿಗೆ ಪೇಡೆ ತುರುಕಿದರು.

"ನಿನ್ನ ಬಾಯಾಗ ಸಕ್ರಿ ಬೀಳ್ಲಿ ನೋಡವಾ. ಅಮೋಲನ ನರ ಸುಧಾರಿಸ್ಯಾವಂತಲ್ಲ? ಇನ್ನ ಎದ್ದು ನಿಲ್ತಾನ." ತಮ್ಮ ನಾರಾಯಣಗೂಡ ಬಡಾವಣೆಯ ಅರ್ಧಕ್ಕೆ ಆಗಲೇ ಹಂಚಿ ಬಂದಿದ್ದರು.

ಭಕ್ತಿ ಅರ್ಧ ಪೇಡೆಯನ್ನು ಕೈಗೆ ತೆಗೆದುಕೊಂಡಳು.

ಬೆನ್ನುಹುರಿಗೆ ಪೆಟ್ಟಾದವರ ಕಾಲಿನ ರಕ್ತನಾಳಗಳು ಸಣ್ಣಗಾಗುತ್ತವೆ. ಸ್ನಾಯುಗಳಿಗೆ ಸಣ್ಣಗೆ ಕರೆಂಟ್ ಕೊಟ್ಟು ಸೈಕಲ್ ತುಳಿಸಿದರೆ ಅವು ಮತ್ತೆ ಅಗಲವಾಗುತ್ತವೆಯೇ ಎಂದು ಅಲ್ಟ್ರಾಸೌಂಡಿನಲ್ಲಿ ನೋಡುವುದು ಭಕ್ತಿಯ ಸಂಶೋಧನೆ. ಹೋದ ಸಲ ಖುಷಿಯಲ್ಲಿ, "ನರ ಅಗಲ ಆಗ್ಯಾವ್ರಿ" ಎಂದುಬಿಟ್ಟಿದ್ದಳು. ಮನೆಮಾತಿನಲ್ಲಿ ರಕ್ತ ಹರಿಯುವುದೂ ನರವೇ, ಕಾಲಿಗೆ 'ಏಳು' ಎನ್ನುವುದೂ ನರವೇ.

ಒಳಗೆ ಅಮೋಲ್ ವೀಲ್‌ಚೇರಿನಿಂದ ತಾನೇ ಮಂಚಕ್ಕೆ ಜರುಗಿ ಮಲಗಿದ. ಹೊಸ ಷರ್ಟು, ಗರಿಗರಿ ಇಸ್ತ್ರಿ.

"ಜೆಲ್ ತಣ್ಣಗಿರ್ತದ್ರಿ," ಎಂದಳು ತೊಡೆಗೆ ಹಚ್ಚುತ್ತ.

"ನನಗ ಗೊತ್ತಾಗಂಗಿಲ್ಲ. ಆದ್ರೂ ಪ್ರತಿ ಸಲ ಹೇಳ್ತೀರಿ."

"ರೂಢಿರಿ." ಸ್ಕ್ಯಾನಿನ ಹಿಡಿಕೆಯನ್ನು ತೊಡೆಗೆ ಒತ್ತಿ ತೆರೆ ನೋಡಿದಳು. "ನಾಡಿ ಯಾಕ ಇಷ್ಟ ಓಡಾಕತ್ತದ? ಸುಮ್ಮನ ಮಲಗ್ರಿ."

"ನೀವು ಮಷೀನ್ ನೋಡ್ರಿ. ನನ್ನ ನೋಡಿದ್ರ ಅದು ಇಳಿಯಂಗಿಲ್ಲ."

ಅವಳು ನಗಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರಳು.

"ಅಮೋಲ್, ನಾ ನರ ಅಂದದ್ದು ರಕ್ತದ ನಾಳಕ್ಕರಿ. ಬೆನ್ನಿನ ನರ ಇದ್ದಂಗ ಅದ. ತಪ್ಪು ನಂದು."

ಅವನು ಫ್ಯಾನನ್ನೇ ನೋಡಿದ. ನಾಡಿ ಮಾತ್ರ ತೆರೆಯ ಮೇಲೆ ಕುಣಿಯುತ್ತಲೇ ಇತ್ತು.

"ನಿಮಗ ಒಂದು ಮಾತು ಕೇಳೂದಿತ್ತು," ಎಂದ ಕೊನೆಗೆ. "ಎದ್ದು ನಿಂತ ಮ್ಯಾಲೆ ಕೇಳ್ಬೇಕಂತ ಇಟ್ಕೊಂಡಿದ್ದೆ. ಈಗ ಬಿಡ್ರಿ."

ಭಕ್ತಿ ಹಿಡಿಕೆಯನ್ನು ತೊಡೆಯಿಂದ ಎತ್ತಿದಳು. ತೆರೆಯ ಚಿತ್ರ ಚೆದುರಿತು. ಅವಳು ಜೆಲ್ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಇನ್ಮ್ಯಾಲೆ ನಿಮ್ಮ ಸ್ಕ್ಯಾನ್ ನಮ್ಮ ಲ್ಯಾಬಿನ ನಳಿನಿ ಮಾಡ್ತಾಳ್ರಿ."

"ಸಿಟ್ಟು ಬಂತೇನು?"

"ಇಲ್ರಿ. ನಾ ಯಾರನ್ನ ಸ್ಕ್ಯಾನ್ ಮಾಡ್ತೀನೋ ಅವರ ಜೋಡಿ ಹೊರಗ ಚಹಾ ಕುಡಿಯೋ ಹಂಗಿಲ್ಲ. ರೂಲ್ಸ್ ಅದ." ಟವೆಲ್ಲನ್ನು ಮಡಚಿದಳು. "ನನಗ ಕುಡೀಬೇಕಾಗೇದ. ಭಾಳ ದಿನದಿಂದ. ಕೂತೇ ಕುಡಿಯೂದು, ಯಾರೂ ಎದ್ದು ನಿಲ್ಲೂದು ಬ್ಯಾಡ."

ಅವನು ನಿಧಾನಕ್ಕೆ ಮೊಣಕೈ ಊರಿ ಎದ್ದು ಕೂತ. ಹೊರಗೆ ಯಮುನಾಬಾಯಿ ಯಾರಿಗೋ ತೆಲುಗಿನಲ್ಲಿ ಪೇಡೆಯ ಕಾರಣ ವಿವರಿಸುತ್ತಿದ್ದರು.

"ಮದ್ಲ ಅವ್ವಗ ಹೇಳಬೇಕು," ಎಂದ. "ಪಾಪ."

"ಇಬ್ರೂ ಹೇಳೂಣು ನಡಿ."

'ನಡಿ' ಎಂದದ್ದಕ್ಕೆ ಭಕ್ತಿ ನಾಲಿಗೆ ಕಚ್ಚಿಕೊಂಡಳು. ಅವನಿಗೆ ಕೇಳಿಸಿದ್ದೇ ಬೇರೆ.

"'ರಿ' ಎಲ್ಲಿ ಹೋತು?" ಎಂದ, ವೀಲ್‌ಚೇರನ್ನು ಹತ್ತಿರ ಎಳೆದುಕೊಳ್ಳುತ್ತ.