ಹದಿನಾರು ಪ್ಯಾಡುಗಳಿಗೆ ಸಿಗದ ರಾಗ

ಡೆಟ್ರಾಯಿಟ್‌ನಲ್ಲಿ ಒಟಿಸ್‌ನದೊಂದು ಹಳೆಯ ವಾದ್ಯಗಳ ಅಂಗಡಿ. ಹಾಡುಗಳಿಗೆ ಬೀಟ್, ಅಂದರೆ ತಾಳದ ಹಂದರ, ಕಟ್ಟುವವರ ಜಿದ್ದಾಜಿದ್ದಿ ಶನಿವಾರ ಮಧ್ಯಾಹ್ನ ಅಲ್ಲೇ ನಡೆಯುತ್ತದೆ. ಆ ಗುರುವಾರ ವರ್ಲೀನ್ ಅಲ್ಲಿಗೆ ಬಂದದ್ದು ಟೆವಿನ್‌ನ ಸೊಕ್ಕು ಮುರಿಯಲು ಒಂದು ಯಂತ್ರ ಹುಡುಕಿಕೊಂಡು.

ಎರಡು ವರ್ಷ ಪ್ರೀತಿಸಿದವನು. ಅವನ ಅಡುಗೆಮನೆಯಲ್ಲಿ ಕೂತು ಅವಳು ಕೀಬೋರ್ಡಿನಲ್ಲಿ ನುಡಿಸಿದ ರಾಗವನ್ನು ತನ್ನೊಬ್ಬನ ಹೆಸರಲ್ಲೇ ಬಿಡುಗಡೆ ಮಾಡಿದ್ದ. ಬೀಟ್ ಶುರುವಾಗುವ ಮುಂಚೆ ಕಟ್ಟಿದವರ ಹೆಸರು ಕೂಗಿಸುವುದು ಅವರಲ್ಲಿ ರೂಢಿ. ಈಗ ಊರಿನ ಕಾರುಗಳಿಂದೆಲ್ಲ ಮೊದಲು 'ಟೆವಿನ್' ಎಂಬ ಕೂಗು, ಹಿಂದೆಯೇ ಅವಳ ರಾಗ. ಕೇಳಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ಅವನು ಮೆರೆಯುವ, ಬೆರಳಲ್ಲಿ ಬಡಿದರೆ ತುಂಬಿಟ್ಟ ಸದ್ದು ಹೊರಡಿಸುವ ಪ್ಯಾಡಿನಲ್ಲೇ ಅವನನ್ನು ಸೋಲಿಸಬೇಕೆಂದು ಹಟ ಹಿಡಿದು, ಅಂಗಡಿಯ ಪ್ಯಾಡುಗಳನ್ನು ಬಡಿದು ನೋಡುತ್ತಿದ್ದಳು.

"ತಾಳಕ್ಕಿಂತ ತಡವಾಗಿ ಬಡೀತಿದ್ದೀಯ ಕಣೇ." ಬೆನ್ನ ಹಿಂದೆ ಟೆವಿನ್.

"ನಿನ್ನ ಬಣ್ಣ ಗೊತ್ತಾಗೋಕೂ ತಡ ಆಯ್ತು."

ಅವನು ನಕ್ಕು, ಅವಳ ಬೆರಳ ಪಕ್ಕದಲ್ಲೇ ತನ್ನ ಬೆರಳಿಟ್ಟು ಎರಡೇಟು ಹಾಕಿದ. ಬೆರಳು ತಾಗಲಿಲ್ಲ. ಆದರೂ ಅವಳ ಕೆನ್ನೆ ಬಿಸಿಯಾಯಿತು, ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಶನಿವಾರ ನನ್ನೆದುರು ಕೂರ್ತೀಯಂತೆ? ಕೀಬೋರ್ಡ್ ತಗೋ. ಇದರಲ್ಲಿ ಮೊದಲ ಸುತ್ತಲ್ಲೇ ಮಣ್ಣು ಮುಕ್ತೀಯ."

"ನಿನ್ನನ್ನ ಯಾರು ಕೇಳಿದ್ರು?"

"ನೀನು ಸೋಲೋದು ನೋಡೋಕಾಗಲ್ಲ ನಂಗೆ." ಆ ಕಣ್ಣುಗಳಲ್ಲಿ ಸುಳ್ಳಿರಲಿಲ್ಲ.

ಅವನು ಹೋದ ಮೇಲೆ ಒಟಿಸ್ ಕೇಳಿದ, "ಯಾವುದು ಕೊಡಲಮ್ಮ?"

ವರ್ಲೀನ್ ಹದಿನಾರು ಪ್ಯಾಡುಗಳನ್ನೇ ದಿಟ್ಟಿಸಿದಳು. ಟೆವಿನ್ ಅವಳ ವಾದನವನ್ನು ರೆಕಾರ್ಡ್ ಮಾಡಿ, ಹದಿನಾರು ಚೂರು ಮಾಡಿ, ಒಂದೊಂದು ಪ್ಯಾಡಿಗೆ ಒಂದೊಂದು ಚೂರು ಹಾಕಿಕೊಂಡಿದ್ದ. ಅವಳು ಆಗಲೇ ಕೊಟ್ಟದ್ದಷ್ಟೇ ಅದರಲ್ಲಿತ್ತು. ಕೊಡದೆ ಉಳಿಸಿಕೊಂಡ ಮಿಕ್ಕ ರಾಗ ಅವಳ ಕೈಯಲ್ಲೇ ಇತ್ತು.

"ಕೀಬೋರ್ಡ್ ಕೊಡಿ," ಅಂದಳು.

ಶನಿವಾರ ಅಂಗಡಿ ತುಂಬಿ ತುಳುಕುತ್ತಿತ್ತು. ಟೆವಿನ್ ಊರೆಲ್ಲ ಕೇಳುವ ಆ ಬೀಟನ್ನೇ ಬಾರಿಸಿ ಕೈ ಎತ್ತಿದ, ಜನ ಕುಣಿದರು. ವರ್ಲೀನ್ ಅದೇ ರಾಗವನ್ನು ಎತ್ತಿಕೊಂಡಳು. ಟೆವಿನ್‌ನದನ್ನೇ ಕದ್ದಳೆಂದು ಮೊದಲ ಸಾಲಿನವರು ಗೇಲಿ ಮಾಡಿದರು. ಬೀಟ್ ಮುಗಿಯುವ ಜಾಗ ಬಂದಾಗ ಅವಳು ನಿಲ್ಲಿಸಲಿಲ್ಲ. ರಾಗ ತಿರುಗಿತು, ಏರಿತು, ಯಾರೂ ಕೇಳಿರದ ಕಡೆಗೆ ಹೋಯಿತು. ಗೇಲಿ ತಾನಾಗಿಯೇ ನಿಂತಿತು.

"ಮುಂದಿನದು ನೀನು ನುಡಿಸು," ಅಂದಳು ಅವನಿಗೆ.

ಟೆವಿನ್‌ನ ಬೆರಳುಗಳು ಪ್ಯಾಡುಗಳ ಮೇಲೆ ಸುಮ್ಮನೆ ನಿಂತವು. ರಾಗ ಯಾರದೆಂದು ಇಡೀ ಅಂಗಡಿಗೆ ಅರ್ಥವಾಯಿತು. ಅವನ ಮುಖ ಇಳಿದದ್ದನ್ನು ಅವಳು ಕಣ್ತುಂಬ ನೋಡಿದಳು. ಹೊಟ್ಟೆ ತಣ್ಣಗಾಯಿತು.

ಹೊರಗೆ ಪಾರ್ಕಿಂಗ್‌ನಲ್ಲಿ ಅವನು ಓಡಿಬಂದ. "ತಪ್ಪಾಯ್ತು ಕಣೇ. ನಿನ್ನನ್ನ ಇವತ್ತಿಗೂ ಪ್ರೀತಿಸ್ತೀನಿ."

"ನನ್ನ ಕಿವೀಲಿ ಹೇಳ್ಬೇಡ. ಒಳಗೆ ಮೈಕ್ ಇದೆ. ರಾಗ ಯಾರದು ಅಂತ ಅಲ್ಲಿ ಹೇಳು."

ಅವನು ಒಳಗೆ ಹೋದ. ಸ್ಪೀಕರುಗಳಿಂದ ತನ್ನ ಹೆಸರು ಬೀದಿಗೆ ಬಿದ್ದದ್ದನ್ನು ಕೇಳಿ ವರ್ಲೀನ್‌ಳ ಕಣ್ಣು ತುಂಬಿತು. ಹಾಳಾದವನ ಮೇಲೆ ಪ್ರೀತಿ ಇನ್ನೂ ಸತ್ತಿರಲಿಲ್ಲ.

ಅವನು ಮರಳಿ ಬಂದ. "ಹೇಳಿದೆ. ಈಗಲಾದ್ರೂ ಮನೆಗೆ ಬರ್ತೀಯಾ? ಮಿಕ್ಕ ರಾಗ ಕಲಿಸ್ತೀಯಾ?"

"ನಂಗೂ ನಿನ್ನ ಮೇಲೆ ಪ್ರೀತಿ ಇದೆ," ಎಂದು ಅವಳು ಕಾರಿನ ಬಾಗಿಲು ತೆರೆದಳು. "ಆದ್ರೆ ಕಲಿಸಲ್ಲ. ಕೇಳ್ಬೇಕು ಅನ್ಸಿದ್ರೆ ನಾನು ನುಡಿಸೋ ಕಡೆಗೆ ಎಲ್ಲರ ಹಾಗೆ ಟಿಕೆಟ್ ತಗೊಂಡು ಬಾ."