ಕುಂಟದ ಗಡಿಯಾರ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಹಲ್ಲಿನ ಡಾಕ್ಟರಮ್ಮ ಠಾಣೆಗೆ ಬಂದರು. ಹಿಂದೆಯೇ ಅವರ ಯಜಮಾನರು, ಯಾರೋ ಕೈಹಿಡಿದು ಎಳೆದು ತಂದವರ ಹಾಗೆ.

“ನಮ್ಮ ಗಡಿಯಾರ ಕಳುವಾಗಿದೆ.”

“ಕೈಗಡಿಯಾರವಾ?” ಹೆಡ್ ಕಾನ್‌ಸ್ಟೆಬಲ್ ಕೇಳಿದ.

“ಅಲ್ಲ, ಹಳೇ ಕಾಲದ ನಿಲುಗಡಿಯಾರ. ನಿಮಗಿಂತ ಎತ್ತರ.”

“ಅಷ್ಟು ದೊಡ್ಡದನ್ನ ಹೇಗಮ್ಮ ಹೊತ್ತುಕೊಂಡು ಹೋದ್ರು?”

“ಹೊತ್ತಿಲ್ಲ. ಹಾಲ್‌ನಲ್ಲೇ ನಿಂತಿದೆ. ಓಡ್ತಾನೂ ಇದೆ.”

ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟು ಇನ್ಸ್‌ಪೆಕ್ಟರ್ ಕಡೆ ತಿರುಗಿದ. “ಕಳುವಾಗಿರೋ ಗಡಿಯಾರ ಮನೇಲೇ ಇದೆ, ಓಡ್ತಾನೂ ಇದೆ. ಏನಂತ ಬರ್ಕೊಳ್ಳಲಿ ಸಾರ್?”

ಯಜಮಾನರು ನಕ್ಕರು. ಇನ್ಸ್‌ಪೆಕ್ಟರ್‌ಗೆ ನಗು ಬರಲಿಲ್ಲ. ದೂರು ತೆಗೆದುಕೊಂಡರೆ ಮೇಲಿನವರು ನಗುತ್ತಾರೆ, ತೆಗೆದುಕೊಳ್ಳದಿದ್ದರೆ ನಾಳೆ ಅದೇ ನಿಜವಾಗುತ್ತದೆ. ಈ ಎರಡು ಭಯಗಳ ನಡುವೆಯೇ ಅವರ ನೌಕರಿ ಸಾಗಿ ಬಂದಿತ್ತು. ಕುರ್ಚಿ ಎಳೆದು ಕೊಟ್ಟರು.

ಡಾಕ್ಟರಮ್ಮ ಹೇಳಿದರು. ಹೊಸ ಮನೆಗೆ ಒಂದು ಹಳೆಯ ನಿಲುಗಡಿಯಾರ ಬೇಕೆಂದು ತಿಂಗಳುಗಟ್ಟಲೆ ಅಂಗಡಿ ಸುತ್ತಿದ್ದರು. ಯಜಮಾನರು ಮರದ ಹೊಳಪು ನೋಡುತ್ತಿದ್ದರು, ಅತ್ತೆ ಧೂಳು ಎಲ್ಲೆಲ್ಲಿ ಕೂರುತ್ತದೆಂದು ನೋಡುತ್ತಿದ್ದರು. ಡಾಕ್ಟರಮ್ಮ ಮಾತ್ರ ಒಂದೊಂದರ ಗಂಟೆಯನ್ನೂ ಹೊಡೆಸಿ ಕೇಳುತ್ತಿದ್ದರು.

“ದಿನವಿಡೀ ಡ್ರಿಲ್ಲಿನ ಸದ್ದು ಕೇಳೋ ಕಿವಿ ಸಾರ್ ಇದು. ಮನೇಲಾದ್ರೂ ಒಂದು ಒಳ್ಳೇ ದನಿ ಇರಲಿ ಅಂತ ಆಸೆ. ಶನಿವಾರ ಗಡಿಯಾರ ಬಂತು, ಅವತ್ತು ಸರಿಯಾಗೇ ಹೊಡೀತು. ಭಾನುವಾರ ಎಲ್ಲರೂ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ವಿ. ವಾಪಸ್ ಬಂದಾಗ ಆರು ಹೊಡೀತು. ಅದು ನಾನು ಆರಿಸಿದ ದನಿ ಅಲ್ಲ.”

“ಇವಳಿಗೆ ಹಾಗೆ ಅನ್ನಿಸುತ್ತೆ ಅಷ್ಟೆ,” ಎಂದರು ಯಜಮಾನರು.

“ರೀ, ನೀವು ಸುಮ್ನಿರಿ.”

ಮಧ್ಯಾಹ್ನ ಗಡಿಯಾರ ಮಾರಿದ್ದ ಹಳೇ ಸಾಮಾನಿನ ಅಂಗಡಿಯ ಮಾಲೀಕ ಡಾಕ್ಟರಮ್ಮನ ಮನೆಗೆ ಬಂದು ಅದರ ತಲೆಭಾಗ ಬಿಚ್ಚಿ ನೋಡಿದ. ಅವನ ಮುಖ ಸುಣ್ಣದಂತಾಯಿತು. ಮರದ ಗೂಡು ಅದೇ, ಮುಖಫಲಕ ಅದೇ. ಒಳಗಿನ ಹಿತ್ತಾಳೆಯ ಯಂತ್ರ ಮತ್ತು ಗಂಟೆ ಮಾತ್ರ ಬೇರೆ, ತೀರಾ ಈಚಿನವು. ನಗುತ್ತಿದ್ದ ಯಜಮಾನರೇ ಪಕ್ಕದ ಮನೆಯ ಬಾಗಿಲು ಬಡಿಯಲು ಹೋದರು. ಇಬ್ಬರು ನೆರೆಯವರ ಸಮಕ್ಷಮ ಪಂಚನಾಮೆ ಆಯಿತು. ಮೂರು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಬೀಗ ಮುರಿದಿರಲಿಲ್ಲ. ಅಂದರೆ ಕೀಲಿ ಇದ್ದವನ ಕೆಲಸ.

ಶನಿವಾರ ಕೀಲಿ ಇದ್ದದ್ದು ಅಂಗಡಿಯ ವ್ಯಾನ್ ಡ್ರೈವರ್ ಬಳಿ, ನಕಲು ಮಾಡಿಸಿಕೊಳ್ಳಲು ಬೇಕಾದಷ್ಟು ಹೊತ್ತು. ದಂಪತಿಗಳು ಕೆಲಸಕ್ಕೆ, ಅತ್ತೆ ಆಸ್ಪತ್ರೆಗೆ ಹೋಗಿದ್ದರಿಂದ ಅವನೇ ಬಾಗಿಲು ತೆಗೆದು, ಗಡಿಯಾರ ನಿಲ್ಲಿಸಿ, ಸಂಜೆ ಮನೆಯವರು ಬಂದ ಮೇಲೆ ಕೀಲಿ ಕೊಟ್ಟು ಹೋಗಿದ್ದ. ಅವನ ಮೇಲೆ ತಾಮ್ರದ ತಂತಿ ಕದ್ದ ಹಳೆಯ ಕೇಸೂ ಒಂದಿತ್ತು. ಮೇಲಧಿಕಾರಿ ಫೋನಿನಲ್ಲಿ, “ಇನ್ನೇನ್ರೀ ಬೇಕು ನಿಮಗೆ?” ಎಂದರು. ಸಂಜೆ ಐದಕ್ಕೆ ಡ್ರೈವರ್‌ನ ಬಂಧನವಾಯಿತು. ಮರುದಿನ ಅಷ್ಟು ಹೊತ್ತಿನೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು.

ಅವನ ಮನೆ ಶೋಧಿಸಿದರೆ ಏನೂ ಸಿಗಲಿಲ್ಲ. “ಈ ಸಲ ಜೈಲಿಗೆ ಹೋದ್ರೆ ಅಂಗಡಿಯವರು ಮತ್ತೆ ಸೇರಿಸಿಕೊಳ್ಳಲ್ಲ ಸಾರ್,” ಎಂದು ಹೇಳಿ ಅವನ ಹೆಂಡತಿ ಠಾಣೆಯ ಬೆಂಚಿನ ಮೇಲೆ ಕುಳಿತುಬಿಟ್ಟಳು.

ಮಂಗಳವಾರ ಬೆಳಿಗ್ಗೆಯೂ ಆಕೆ ಅಲ್ಲೇ ಇದ್ದಳು. ಇನ್ಸ್‌ಪೆಕ್ಟರ್ ಮೇಜಿಗೂ ಕಿಟಕಿಗೂ ಓಡಾಡಿದರು. ರಿಮಾಂಡ್ ಅರ್ಜಿಗೆ ಸಹಿ ಹಾಕಲು ಕುಳಿತರು, ಎದ್ದರು, ಮತ್ತೆ ಕುಳಿತರು.

“ಕೂತ್ಕೊಳ್ಳಿ ಸಾರ್, ನನಗೇ ತಲೆ ಸುತ್ತು ಬರ್ತಿದೆ,” ಎಂದ ಹೆಡ್ ಕಾನ್‌ಸ್ಟೆಬಲ್.

ಇನ್ಸ್‌ಪೆಕ್ಟರ್ ಲಾಕಪ್ ಮುಂದೆ ಹೋಗಿ ನಿಂತರು. “ಶನಿವಾರ ಏನೇನು ಮಾಡಿದೆ, ಇನ್ನೊಂದ್ಸಲ ಹೇಳು.”

“ಎಷ್ಟು ಸಲ ಸಾರ್? ಇಳಿಸಿದ್ವಿ, ನಿಲ್ಲಿಸಿದ್ವಿ, ತೂಕದ ಗುಂಡು ನೇತುಹಾಕಿದ್ವಿ. ಓಡ್ತು, ಆದ್ರೆ ಕುಂಟ್ತಿತ್ತು.”

“ಕುಂಟೋದು ಅಂದ್ರೆ?”

“ನೆಲ ವಾಲಿದೆ ಸಾರ್ ಅಲ್ಲಿ. ಟಿಕ್ಕಿಗೂ ಟಕ್ಕಿಗೂ ನಡುವೆ ಒಂದೇ ಸಮ ಬಿಡುವು ಇರಬೇಕು. ಇದು ಟಿಕ್‌ಟಕ್ ಅಂತ ಒಟ್ಟಿಗೆ ಹೊಡೆದು ಸುಮ್ನಾಗ್ತಿತ್ತು. ಭಾನುವಾರ ಯಾರೂ ಇರಲ್ಲ ಅಂದ್ರು ಅಮ್ಮಾವ್ರು. ಸೋಮವಾರ ನಮ್ಮ ಮುಳ್ಳಣ್ಣ ಬಂದು ಸರಿಮಾಡ್ತಾನೆ ಅಂತ ಹೇಳಿ, ಅವನಿಗೂ ತಿಳಿಸಿದ್ದೆ. ಅಷ್ಟರಲ್ಲಿ ನೀವು ಬಂದ್ರಲ್ಲ.”

ಮುಳ್ಳಣ್ಣ ಅಂಗಡಿಯ ಗಡಿಯಾರ ರಿಪೇರಿಯವ. ಮುಳ್ಳು ತಿರುಗಿಸಿ ತಿರುಗಿಸಿ ಬಂದ ಹೆಸರು, ಅವನ ಚುಚ್ಚುವ ನಾಲಿಗೆಗೂ ಹೊಂದುತ್ತಿತ್ತು.

ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ಡಾಕ್ಟರಮ್ಮನ ಹಾಲ್‌ನಲ್ಲಿ ಗಡಿಯಾರದ ಮುಂದೆ ನಿಂತು ಕಣ್ಣು ಮುಚ್ಚಿದರು. ಟಿಕ್, ಟಕ್, ಟಿಕ್, ಟಕ್. ಅಳೆದು ಕತ್ತರಿಸಿದಷ್ಟು ಸಮ.

“ಇದು ಕುಂಟ್ತಿತ್ತಂತೆ?”

“ಕುಂಟೋದು ಅಂದ್ರೆ ಅಷ್ಟಿಷ್ಟಲ್ಲಪ್ಪ,” ಎಂದರು ಒಳಗಿನಿಂದ ಬಂದ ಅತ್ತೆ. “ಶನಿವಾರ ರಾತ್ರಿ ಕಣ್ಣು ಮುಚ್ಚೋಕೆ ಬಿಡ್ಲಿಲ್ಲ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ, ಹಾಗೆ ಮನೆ ತುಂಬ ಯಾರೋ ಓಡಾಡಿದಂಗೆ. ಭಾನುವಾರ ಊಟಕ್ಕೆ ಹೊರಡೋವಾಗಲೂ ಅದೇ ಕುಂಟು. ಆಮೇಲೆ ಗಂಟೆ ಗಲಾಟೇಲಿ ಅದ್ಯಾವಾಗ ಸರಿಹೋಯ್ತೋ.”

ಇನ್ಸ್‌ಪೆಕ್ಟರ್ ಮಂಡಿಯೂರಿ ನೆಲಕ್ಕೆ ಕೆನ್ನೆ ತಾಗಿಸಿ ನೋಡಿದರು. ಗಡಿಯಾರದ ಎಡಗಾಲಿನಡಿ ನಯವಾಗಿ ಕೆತ್ತಿದ ತೆಳ್ಳನೆಯ ಮರದ ಚಕ್ಕೆ. ಮನೆಯವರು ಯಾರೂ ಇಟ್ಟಿರಲಿಲ್ಲ. ನಿನ್ನೆ ಪಂಚನಾಮೆ ಬರೆಸುವಾಗ ಅವರು ಹೀಗೆ ಬಗ್ಗಿರಲಿಲ್ಲ.

ಯಂತ್ರ ಬದಲಾಯಿಸಿದವನು ತಕ್ಷಣ ಬಾಗಿಲೆಳೆದುಕೊಂಡು ಓಡಬೇಕಿತ್ತು. ಓಡಿಲ್ಲ. ಪರರ ಮನೆಯ ಹಾಲ್‌ನಲ್ಲಿ ಕೂತು, ಕಿವಿಗೊಟ್ಟು, ಚಕ್ಕೆ ಕೆತ್ತಿ, ಮತ್ತೆ ಕಿವಿಗೊಟ್ಟು, ನಡಿಗೆ ಸರಿಹೋದ ಮೇಲೆ ಎದ್ದಿದ್ದಾನೆ. ಕುಂಟುವ ಗಡಿಯಾರವನ್ನು ಹಾಗೇ ಬಿಟ್ಟು ಹೋಗಲು ಅವನ ಕೈಲಾಗಿಲ್ಲ.

ಅಂಗಡಿಗೆ ಹೋದಾಗ ಮಾಲೀಕ ತಡವರಿಸುತ್ತ ಒಪ್ಪಿಕೊಂಡ: ಡಾಕ್ಟರಮ್ಮ ಶುಕ್ರವಾರವೇ ಕೀಲಿ ಕೊಟ್ಟಿದ್ದರು, ದಿನವಿಡೀ ಅದು ರಿಪೇರಿ ಮೇಜಿನ ಮೇಲಿನ ಮೊಳೆಯಲ್ಲಿತ್ತು, ಹೇಳಲು ಮರೆತೆ.

ಮುಳ್ಳಣ್ಣ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯಲಿಲ್ಲ.

“ಭಾನುವಾರ ಎಲ್ಲಿದ್ರಿ?”

“ಮನೇಲಿ.”

“ಡಾಕ್ಟರಮ್ಮನ ಮನೆಗೆ ಹೋಗಿದ್ರಾ?”

“ನಾನ್ಯಾಕೆ ಹೋಗ್ಲಿ? ನನಗೆ ಹಲ್ಲುನೋವಿಲ್ಲ.”

ಇನ್ಸ್‌ಪೆಕ್ಟರ್ ಮೇಜಿನ ಮೇಲಿಂದ ಒಂದು ಹಲ್ಲುಚಕ್ರ ಎತ್ತಿ ನೋಡಿ ಕೆಳಗಿಟ್ಟರು. ಸುಳ್ಳು ಹೇಳುವ ಮುನ್ನ ಅವರ ಕಿವಿ ಬಿಸಿಯಾಗುತ್ತಿತ್ತು. “ಈಗ ಅಲ್ಲಿಂದಲೇ ಬಂದೆ. ಗಡಿಯಾರ ವಿಪರೀತ ಕುಂಟ್ತಾ ಇದೆ.”

“ಕುಂಟೋದಾ?” ಮುಳ್ಳಣ್ಣ ತಲೆಯೆತ್ತಿದ. “ಸಾಧ್ಯವೇ ಇಲ್ಲ. ಎಡಗಾಲಿಗೆ ಚಕ್ಕೆ ಕೊಟ್ಟು...”

ಮಾತು ಅಲ್ಲಿಗೇ ನಿಂತಿತು. ಭೂತಗನ್ನಡಿ ತಾನಾಗಿಯೇ ಮಡಿಲಿಗೆ ಬಿತ್ತು.

“ನಿಮ್ಮ ಡ್ರೈವರ್ ನಿನ್ನೆಯಿಂದ ಲಾಕಪ್ಪಲ್ಲಿದ್ದಾನೆ. ಗೊತ್ತಿತ್ತಾ?”

“ಗೊತ್ತಿತ್ತು.” ಅವನ ದನಿ ಇಳಿದಿತ್ತು. “ಬಿಟ್ಟುಬಿಡ್ತೀರಿ ಅಂದ್ಕೊಂಡೆ. ಅವನು ಮಾಡಿಲ್ಲವಲ್ಲ.”

ಯಂತ್ರ ಮುಳ್ಳಣ್ಣನ ಒಂಟಿ ಕೋಣೆಯಲ್ಲಿ ಸಿಕ್ಕಿತು. ಗೂಡಿಲ್ಲದೆ, ಗೋಡೆಗೆ ಬಡಿದ ಹಲಗೆಯ ಮೇಲೆ ಬರಿಮೈಯಲ್ಲಿ ಓಡುತ್ತಿತ್ತು. ಗುಂಡುಗಳು ಮಂಚದ ಪಕ್ಕಕ್ಕೆ ಇಳಿಬಿದ್ದಿದ್ದವು. ಜಪ್ತಿ ಪಂಚನಾಮೆ ಬರೆಯುತ್ತಿದ್ದಾಗ ಅದು ಎರಡು ಹೊಡೆಯಿತು. ಹೆಡ್ ಕಾನ್‌ಸ್ಟೆಬಲ್‌ನ ಪೆನ್ನು ನಿಂತಿತು. “ಡಾಕ್ಟರಮ್ಮ ಸುಳ್ಳು ಹೇಳಿರ್ಲಿಲ್ಲ ಸಾರ್,” ಎಂದ.

ನಾಲ್ಕು ಗಂಟೆಗೆ ಡ್ರೈವರ್ ಲಾಕಪ್ಪಿನಿಂದ ಹೊರಬಂದ. ತಪ್ಪಾಗಿ ಬಂಧಿಸಿದೆವು ಎಂಬ ವರದಿಗೆ ಇನ್ಸ್‌ಪೆಕ್ಟರ್ ತಾವೇ ಸಹಿ ಹಾಕಿದ್ದರು. ಮೇಲಿನವರು ಏನೆನ್ನುತ್ತಾರೋ, ಅನ್ನಲಿ. “ಅಂಗಡಿಯವರಿಗೆ ಫೋನ್ ಮಾಡಿದ್ದೀನಿ. ನಾಳೆಯಿಂದ ಕೆಲಸಕ್ಕೆ ಹೋಗು,” ಎಂದರು. ಡ್ರೈವರ್ ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು ಮೆಟ್ಟಿಲಿಳಿದ.

ಒಳಗೆ ಮುಳ್ಳಣ್ಣನ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಆ ಯಂತ್ರ ಅಂಗಡಿಗೆ ಬಂದಾಗ ಬರೀ ಕಿಲುಬಿನ ಮುದ್ದೆ. ಹಲ್ಲು ಮುರಿದ ಚಕ್ರಗಳಿಗೆ ಅವನೇ ಹಲ್ಲು ಕೊರೆದು ಕೂರಿಸಿ, ವರ್ಷಗಟ್ಟಲೆ ಕಿವಿಯಿಟ್ಟು ದನಿ ತರಿಸಿದ್ದ. ಮಾರುವ ದಿನ ಡಾಕ್ಟರಮ್ಮನ ಯಜಮಾನರು ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು: “ವಾರಕ್ಕೊಮ್ಮೆ ಕೀಲಿ ಕೊಡೋರು ಯಾರು? ಒಳಗಿನದನ್ನ ತೆಗೆಸಿ ಬ್ಯಾಟರಿ ಹಾಕ್ಸಿದ್ರಾಯ್ತು.” ಮುಳ್ಳಣ್ಣ ಎದ್ದು ಹಿತ್ತಲಿಗೆ ಹೋಗಿಬಿಟ್ಟಿದ್ದ. ಶುಕ್ರವಾರ ಮೊಳೆಯಲ್ಲಿ ಆ ಮನೆಯ ಕೀಲಿ ಕಂಡಾಗ ಅದರ ನಕಲು ಅರೆದಿಟ್ಟುಕೊಂಡಿದ್ದ.

ಯಂತ್ರ ಗುರುತಿಸಲು ಬಂದಿದ್ದ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡರು.

“ಅದಕ್ಕೆ ನಾನೇನಂದೆ ಅಂತ ಕೇಳಿಸ್ಕೊಳ್ಳಲಿಲ್ವಾ ನೀವು?”

ಮುಳ್ಳಣ್ಣ ನೋಡಿದ.

“ಬ್ಯಾಟರಿ ಹಾಕ್ಸೋದಾದ್ರೆ ಈ ಗಡಿಯಾರವೇ ಬೇಡ, ನಾನು ಆರಿಸಿರೋದು ದನೀನ ಅಂದೆ. ಕೀಲಿ ನಾನೇ ಕೊಡ್ತೀನಿ, ಕಲಿಸಿಕೊಡೋರು ಯಾರಿದ್ದಾರೆ ಅಂತ ಮಾಲೀಕರನ್ನ ಕೇಳ್ದೆ. ನಿಮ್ಮ ಕುರ್ಚಿ ತೋರಿಸಿದ್ರು. ಖಾಲಿ ಇತ್ತು.”

ಕೇಸು ಮುಗಿಯುವವರೆಗೆ ಯಂತ್ರ ಠಾಣೆಯ ಜಪ್ತಿಮಾಲಿನ ಕೋಣೆಯಲ್ಲಿ ಇರಬೇಕು, ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬಹುದು ಎಂದು ಇನ್ಸ್‌ಪೆಕ್ಟರ್ ಡಾಕ್ಟರಮ್ಮನಿಗೆ ವಿವರಿಸಿದರು. ಹೆಡ್ ಕಾನ್‌ಸ್ಟೆಬಲ್ ಅದನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಲು ಎತ್ತಿದ.

“ಗಂಟೆ ಹೊಡೆಯೋ ಸುತ್ತಿಗೆಯ ಕೊಂಡಿ ಬಾಗುತ್ತೆ, ಅಡ್ಡ ಹಿಡೀಬೇಡಿ,” ಎಂದ ಮುಳ್ಳಣ್ಣ, ಬೇಡಿ ಹಾಕಿದ ಎರಡೂ ಕೈಗಳನ್ನು ಮುಂದೆ ಚಾಚಿ.