ಸದ್ದು ಇನ್ನೂ ಐತೆ

"ಸದ್ದೇ ಇಲ್ವಲ್ರೀ ಮೇಡಂ," ಎಂದ ರುದ್ರಮುನಿ.

ನೀಲಾಂಬಿಕೆಗೆ ಮೈಯೆಲ್ಲ ಉರಿದುಹೋಯಿತು. ಕಂಪ್ಯೂಟರಿನ ಸಿಪಿಯು ಡಬ್ಬವನ್ನು ಹರಿಹರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ತೊಂಬತ್ತೊಂಬತ್ತರ ಏಪ್ರಿಲ್ಲು, ದಾವಣಗೆರೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಈಗ ಆ ಡಬ್ಬ ವಿನೋಬನಗರದ ಈ ಪುಟ್ಟ ರಿಪೇರಿ ಅಂಗಡಿಯ ಮೇಜಿನ ಮೇಲೆ ಮುಚ್ಚಳ ತೆರೆದುಕೊಂಡು ಕೂತಿತ್ತು. ಒಳಗೆ, ಪ್ರೊಸೆಸರಿನ ನೆತ್ತಿಯ ಮೇಲೆ, ಹೋದ ವಾರವಷ್ಟೇ ಇದೇ ಮನುಷ್ಯ ಕೂರಿಸಿಕೊಟ್ಟಿದ್ದ ಬೆಂಕಿಪೊಟ್ಟಣದಷ್ಟು ಫ್ಯಾನು ಕಿಂಯ್ಯೆಂದು ಒಂದೇ ಸಮನೆ ಕಿರುಗುಟ್ಟುತ್ತಿತ್ತು.

"ಇದು ಸದ್ದಲ್ವಾ? ಸದ್ದಿಲ್ಲದ ಫ್ಯಾನು ಅಂತ ಹೇಳಿ ಹಾಕಿದ್ರಿ. ಹಳೇದು ಬರೀ ಗುರ್ರ್ ಅಂತಿತ್ತು. ಇದು ಕಿವಿಯೊಳಗೆ ಸೂಜಿ ಚುಚ್ಚಿದಂಗೆ ಐತೆ."

ಅವನು ಬಾಗಿ ಫ್ಯಾನಿನ ಪಕ್ಕ ಕಿವಿಯಿಟ್ಟ. ಕಣ್ಣು ಮುಚ್ಚಿ ಒಂದು ನಿಮಿಷ ಹಾಗೇ ಇದ್ದ. "ನಿಜವಾಗ್ಲೂ ಇಲ್ರೀ."

"ಗಿರಾಕಿಗಳನ್ನ ಮಂಗ ಮಾಡಬ್ಯಾಡ್ರಿ. ನನಗೂ ಕಿವಿ ಅದಾವೆ!"

ಅವನ ಮುಖ ಸಣ್ಣದಾಯಿತು. ಸ್ವಿಚ್ ಆರಿಸಿ, ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸುತ್ತಾ ತಗ್ಗಿದ ದನಿಯಲ್ಲಿ ಹೇಳಿದ. "ನಿಮಗೆ ಅದಾವೆ ಮೇಡಂ. ನನಗೆ ಅರ್ಧ ಅಷ್ಟೇ."

ಹದಿನಾಲ್ಕು ವರ್ಷ ಅವನು ಹತ್ತಿ ಗಿರಣಿಯಲ್ಲಿ ಮಗ್ಗಗಳ ಫಿಟ್ಟರ್ ಆಗಿದ್ದನಂತೆ. ಒಂದೇ ಸೂರಿನಡಿ ಇನ್ನೂರು ಮಗ್ಗಗಳು ಹಗಲೂ ರಾತ್ರಿ ಬಡಿದುಕೊಳ್ಳುತ್ತಿದ್ದವು. ಗಿರಣಿ ಮುಚ್ಚಿತು. ಕೈಯಲ್ಲಿ ಕಸುಬು ಇತ್ತು, ಕಂಪ್ಯೂಟರ್ ರಿಪೇರಿ ಕಲಿತ. ಆದರೆ ಸಣ್ಣ ದನಿಗಳನ್ನು ಆ ಮಗ್ಗಗಳು ತಿಂದುಹಾಕಿದ್ದವು. ಆಟೋ ಹಾರ್ನ್ ಕೇಳುತ್ತದೆ, ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತದೆ. ಹಕ್ಕಿ, ಗೆಜ್ಜೆ, ಪಿಸುಮಾತು ಯಾವುದೂ ಇಲ್ಲ.

"ಫ್ಯಾನು ಅದುರಿದ್ರೆ ಬೆರಳಿಗೆ ಗೊತ್ತಾಗುತ್ತೆ. ಇದು ಅದುರ್ತಿಲ್ಲ, ಅದಕ್ಕೇ ಸದ್ದಿಲ್ಲ ಅಂದ್ಕೊಂಡೆ. ತಪ್ಪಾಯ್ತು."

ನೀಲಾಂಬಿಕೆಗೆ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ಹೇಗೆಂದು ಗೊತ್ತಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ನನಗೆ ಗೊತ್ತಿರಲಿಲ್ರಿ," ಅಂದಳು. ಅಂದದ್ದು ಎಷ್ಟು ಮೆಲ್ಲಗೆ ಎಂದರೆ, ಅವನು ಅವಳ ತುಟಿಯನ್ನೇ ನೋಡುತ್ತಿರದಿದ್ದರೆ ಅದೂ ಅವನಿಗೆ ಮುಟ್ಟುತ್ತಿರಲಿಲ್ಲ.

ಆ ನೋಟ ಬಸ್ಸಿನಲ್ಲಿ ಹರಿಹರದವರೆಗೂ ಅವಳ ಜೊತೆಗೆ ಬಂತು. ಮೂವತ್ತಾರು ವರ್ಷದ ಅವಳ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

*

ಅವಳ ಮನೆಯಲ್ಲಿ ಸದ್ದು ಮಾಡುವವರು ಯಾರೂ ಇರಲಿಲ್ಲ. ಅವ್ವ ತೀರಿಕೊಂಡು ಎರಡು ವರ್ಷ. ಅವಳು ಕಲಿಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹುಡುಗಿಯರು ಬರುವುದು ನಿಂತು, ಅದೂ ಬಾಗಿಲು ಹಾಕಿತ್ತು. ಹರಿಹರದ ಆ ಮಹಡಿ ಮನೆಯಲ್ಲಿ ಸಂಜೆಯಾದರೆ ಕುಕ್ಕರ್ ಕೂಗುವುದು, ಆಮೇಲೆ ಒಂದೇ ತಟ್ಟೆ ತೊಳೆಯುವ ಸದ್ದು. ಅಷ್ಟೇ.

ಆಗ ಸಿಕ್ಕಿದ್ದು ವಾಮದೇವಪ್ಪ ಮೇಷ್ಟ್ರ ಕೆಲಸ. ನಿವೃತ್ತ ಕಾಲೇಜು ಮೇಷ್ಟ್ರು. ಮಾಯಕೊಂಡದ ಕಡೆಯ ಕೆಂಚವ್ವ ಎಂಬ ಮುದುಕಿ ಹಾಡಿದ್ದ ಬೀಸುವ ಪದಗಳನ್ನು ನಲವತ್ತು ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದರು. ಕೆಂಚವ್ವ ಈಗಿಲ್ಲ. ಅವಳ ಪದಗಳನ್ನು ಕೇಳಿ ಕೇಳಿ ಟೈಪ್ ಮಾಡಿಕೊಟ್ಟರೆ ಪುಸ್ತಕವಾಗುತ್ತದೆ. ಮುದುಕಿಯದ್ದು ಹಲ್ಲಿಲ್ಲದ ಬಾಯಿ, ಕೊನೆಕೊನೆಗೆ ಉಸಿರಿನಷ್ಟೇ ದನಿ. ಇಯರ್‌ಫೋನ್ ಹಾಕಿದರೆ ಹಳೆ ಟೇಪಿನ ಕರಕರ ತಲೆಯೊಳಗೇ ಹೊಕ್ಕು ಅರ್ಧ ಗಂಟೆಗೆ ತಲೆನೋವು. ಹಾಕದಿದ್ದರೆ ಫ್ಯಾನಿನ ಸದ್ದು ಪದದ ಬಾಲವನ್ನೆಲ್ಲ ನುಂಗುತ್ತಿತ್ತು. ರುದ್ರಮುನಿಯ ಅಂಗಡಿಗೆ ಹೋಗಲು ಹೇಳಿದ್ದವರೂ ಮೇಷ್ಟ್ರೇ.

ಮುಂದಿನ ಭಾನುವಾರ ರುದ್ರಮುನಿಯೇ ಮೆಟ್ಟಿಲು ಹತ್ತಿ ಬಂದ. ಬೆಂಗಳೂರಿನಿಂದ ನಾಲ್ಕು ಥರದ ಫ್ಯಾನು ತರಿಸಿದ್ದ.

"ಅಂಗಡಿಯಾಗೆ ಕೂತು ನಾನು ಆರಿಸಿದ್ರೆ ಮತ್ತೆ ಅದೇ ಆಗುತ್ತೆ. ಇಲ್ಲೇ ಹಾಕ್ತೀನಿ, ನೀವು ಕೇಳಿ ಹೇಳ್ರಿ."

ಮೊದಲನೆಯದು ತಿರುಗಿತು. ಅವನು ತಲೆಯೆತ್ತಿ ಅವಳನ್ನು ನೋಡಿದ.

"ಇದು ಸೊಳ್ಳೆ," ಅಂದಳು.

"ಸೊಳ್ಳೆ ಹೆಂಗೆ ಕೂಗುತ್ತೆ ಅನ್ನೋದೇ ಮರೆತೈತ್ರಿ. ಕಚ್ಚಿದ ಮ್ಯಾಲೇ ನನಗೆ ಗೊತ್ತಾಗೋದು."

ಅವಳು ನಕ್ಕಳು. ಆ ಮನೆಯಲ್ಲಿ ತನ್ನ ನಗು ಕೇಳಿ ಅವಳಿಗೇ ಒಂಥರಾ ಆಯಿತು.

"ಇದು?"

"ಹಪ್ಪಳ ಕರಿದಂಗೆ."

"ಇದು?"

"ಇದು..." ಅವಳು ಕಣ್ಣು ಮುಚ್ಚಿದಳು. "ಪಕ್ಕದ ಮನೆಯಾಗೆ ಯಾರೋ ಹಲ್ಲು ಕಡಿತಾ ಮಲಗಿದಂಗೆ."

ಕಣ್ಣು ಬಿಟ್ಟಾಗ ಅವನು ಫ್ಯಾನನ್ನು ನೋಡುತ್ತಿರಲಿಲ್ಲ. ಅವಳ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತಿದ್ದವನು ಸಿಕ್ಕಿಬಿದ್ದು, ಗಡಿಬಿಡಿಯಿಂದ ಸ್ಕ್ರೂ ಹುಡುಕತೊಡಗಿದ. ಸ್ಕ್ರೂ ಅವನ ಕೈಯಲ್ಲೇ ಇತ್ತು.

ನಾಲ್ಕೂ ಆಗಲಿಲ್ಲ. ಫ್ಯಾನು ಸಣ್ಣದಿದ್ದಷ್ಟೂ ಜೋರಾಗಿ ತಿರುಗಬೇಕು, ಜೋರಾಗಿ ತಿರುಗಿದಷ್ಟೂ ಕಿರುಚುತ್ತದೆ ಎಂದು ಅವನು ವಿವರಿಸಿದ. "ದೊಡ್ಡದು ಬೇಕು, ನಿಧಾನಕ್ಕೆ ತಿರುಗೋದು. ಅಂಥದ್ದು ಅಂಗಡಿಯಾಗೆ ಸಿಗಲ್ಲ. ನೋಡಾಣ, ನಾನೇ ಏನಾರ ಮಾಡ್ತೀನಿ."

ಎರಡನೆಯ ಭಾನುವಾರ ಮಾಡಿಕೊಂಡು ಬಂದ. ಯಾವುದೋ ಹಳೆ ಆಂಪ್ಲಿಫೈಯರಿನಿಂದ ಬಿಚ್ಚಿದ ಅಲ್ಯೂಮಿನಿಯಂ ತುಂಡು, ಬಾಚಣಿಗೆಯಂತೆ ಹಲ್ಲು ಹಲ್ಲಾಗಿತ್ತು. ಬಿಸಿ ಹೀರಿಕೊಳ್ಳಲಿ ಎಂದು ಅದನ್ನು ಪ್ರೊಸೆಸರ್ ಮೇಲೆ ಕೂರುವಂತೆ ಅರದಿಂದ ಉಜ್ಜಿದ್ದ. ಮೇಲೆ ಅಂಗೈಯಗಲದ ಫ್ಯಾನು. ನಿಧಾನಕ್ಕೆ ತಿರುಗಲಿ ಎಂದು ಹನ್ನೆರಡು ವೋಲ್ಟಿನ ಬದಲು ಏಳೇ ವೋಲ್ಟ್ ಕೊಟ್ಟಿದ್ದ. ಬಿಸಿ ಏರುತ್ತದೋ ಇಲ್ಲವೋ ನೋಡಲು ಎರಡು ಗಂಟೆ ಓಡಿಸಬೇಕು ಅಂದ. ಆ ಎರಡು ಗಂಟೆ ಇಬ್ಬರೂ ಎದುರುಬದುರು ಕುರ್ಚಿಯಲ್ಲಿ ಕೂತಿದ್ದರು. ಅವಳು ಎರಡು ಸಲ ಚಹಾ ಮಾಡಿದಳು.

"ಮನೆಯಾಗೆ ಯಾರದಾರ್ರಿ?" ಕೇಳಿದಳು.

"ಯಾರಿಲ್ಲ. ಅಂಗಡಿ ಹಿಂದಿನ ಕೋಣೆಯಾಗೆ ಒಬ್ಬನೇ." ಸ್ವಲ್ಪ ತಡೆದು, ತಾನೇ ನಗುತ್ತಾ ಹೇಳಿದ. "ಒಂದ್ಸಲ ಹೆಣ್ಣು ನೋಡಾಕ ಹೋಗಿದ್ದೆ. ಆ ಹುಡುಗಿ ತಲೆ ತಗ್ಗಿಸಿ ಏನೋ ಕೇಳಿದ್ಲು. ನನಗೆ ಕೇಳಿಸಲಿಲ್ಲ, ಹ್ಞೂಂ ಅಂದ್ಬಿಟ್ಟೆ. ಆಮ್ಯಾಲೆ ತಿಳೀತು, ನಿಮಗೆ ಕುಡಿಯೋ ಚಟ ಐತಾ ಅಂತ ಕೇಳಿದ್ಲಂತೆ."

ಅವಳು ನಗಲು ಹೋಗಿ ನಿಲ್ಲಿಸಿದಳು. ಅವನ ಕಣ್ಣು ನಗುತ್ತಿರಲಿಲ್ಲ.

"ಆಮ್ಯಾಲೆ ಎಲ್ಲೂ ಹೋಗಲಿಲ್ರಿ."

ಎರಡು ಗಂಟೆ ಕಳೆಯಿತು. ಅವನು ಅಲ್ಯೂಮಿನಿಯಂ ಮುಟ್ಟಿ, ಬೆಚ್ಚಗಷ್ಟೇ ಇದೆ ಎಂದು ತಲೆಯಾಡಿಸಿದ. ಅವಳು ಎದ್ದು ಟೇಪ್ ಹಾಕಿದಳು. ಕೆಂಚವ್ವ ಹಾಡಿದಳು. ಮೊದಲ ಸಲ ನೀಲಾಂಬಿಕೆಗೆ ಪದದ ಕೊನೆ ಕೇಳಿತು. ಎರಡು ಸಾಲಿನ ನಡುವೆ ಮುದುಕಿ ಉಸಿರು ಎಳೆದುಕೊಂಡದ್ದು ಕೇಳಿತು. ಕೈಬಳೆ ಬೀಸುಕಲ್ಲಿನ ಗೂಟಕ್ಕೆ ತಾಗಿದ್ದು ಕೇಳಿತು. ಫ್ಯಾನು ತಿರುಗುತ್ತಿತ್ತು, ಆದರೆ ಇಲ್ಲವೇ ಇಲ್ಲವೇನೋ ಎಂಬಷ್ಟು ಮೆತ್ತಗೆ.

"ಹೆಂಗೈತ್ರಿ?" ಎಂದು ಅವನು ಅವಳ ತುಟಿಯನ್ನೇ ನೋಡುತ್ತಾ ಕೇಳಿದ.

ಸರಿಯಾಯಿತು ಅಂದರೆ ಮುಗಿಯಿತು. ಅವನು ಸಾಮಾನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿಯುತ್ತಾನೆ. ಬರುವ ಭಾನುವಾರ ಆ ಕುರ್ಚಿ ಖಾಲಿ. ಅದರಾಚೆಯ ಭಾನುವಾರವೂ.

"ಸದ್ದು ಇನ್ನೂ ಐತೆ," ಅಂದಳು ನೀಲಾಂಬಿಕೆ.

ಅವನು ಡಬ್ಬದ ಮೇಲೆ ಬೆರಳಿಟ್ಟ. ಹುಬ್ಬು ಗಂಟಿಕ್ಕಿತು. "ನನಗೇನೂ ಗೊತ್ತಾಗ್ತಿಲ್ವಲ್ಲ."

"ಸಣ್ಣಗೆ... ಐತೆ."

"ನೀವಂದ್ರೆ ಇರುತ್ತೆ ಬಿಡ್ರಿ," ಅಂದ ಅವನು. "ಮುಂದಿನ ವಾರ ನೋಡಾಣ."

*

ಮುಂದಿನ ವಾರ ಸೈಕಲ್ ಟ್ಯೂಬು ಕತ್ತರಿಸಿ ಸ್ಕ್ರೂಗಳ ಕೆಳಗೆ ರಬ್ಬರ್ ಬಿಲ್ಲೆ ಕೊಟ್ಟ. ಸದ್ದು ಇನ್ನೂ ಐತೆ. ಅದರ ಮುಂದಿನ ವಾರ ಬೇರೆ ಫ್ಯಾನು ತಂದ. ಐತೆ. ಮತ್ತೊಂದು ವಾರ ವೋಲ್ಟ್ ಇನ್ನೂ ಇಳಿಸಿದ, ಕಂಪ್ಯೂಟರ್ ಬಿಸಿಯೇರಿ ನಿಂತೇಹೋಯಿತು, ಮತ್ತೆ ಏರಿಸಿದ. ಐತೆ.

ಶನಿವಾರ ಸಂಜೆಯೇ ನೀಲಾಂಬಿಕೆ ಚಹಾಕ್ಕೆ ಶುಂಠಿ ತಂದಿಡುತ್ತಿದ್ದಳು. ವಾರವೆಲ್ಲ ಆ ಸದ್ದಿಲ್ಲದ ಕಂಪ್ಯೂಟರಿನ ಮುಂದೆ ಕೂತು ಕೆಂಚವ್ವನನ್ನು ಟೈಪ್ ಮಾಡುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಇದೊಂದು ವಾರ, ಬರುವ ವಾರ ಹೇಳಿಬಿಡುತ್ತೇನೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅವನು ಬರಬರುತ್ತಾ ಮಾತು ಕಡಿಮೆ ಮಾಡಿದ್ದನ್ನೂ, ಡಬ್ಬದ ಮೇಲಿಟ್ಟ ಬೆರಳನ್ನು ಆಮೇಲೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದುದನ್ನೂ ಅವಳು ಕಂಡಿದ್ದಳು. ತನ್ನೆದುರು ನಾಚಿಕೆಯಿರಬೇಕು ಅಂದುಕೊಂಡಿದ್ದಳು. ಹಾಗಂದುಕೊಳ್ಳುವುದು ಅವಳಿಗೆ ಹಿತವಾಗಿತ್ತು.

ಜೂನ್ ಮೊದಲ ವಾರ ವಾಮದೇವಪ್ಪ ಮೇಷ್ಟ್ರು ಹಾಳೆ ಒಯ್ಯಲು ಬಂದರು. ಓದುತ್ತಾ ಓದುತ್ತಾ ಅವರ ಕಣ್ಣು ಅರಳಿತು.

"ಅಲ್ಲವ್ವಾ, ಒಂದು ಮಾತೂ ಬಿಟ್ಟಿಲ್ವಲ್ಲ ನೀನು! ನನಗೇ ಕೇಳಿಸದಿದ್ದದ್ದೂ ಇಲ್ಲೈತೆ." ಆಮೇಲೆ ಕನ್ನಡಕ ತೆಗೆದು ನಿಟ್ಟುಸಿರಿಟ್ಟರು. "ಪಾಪ, ಆ ರುದ್ರಮುನಿದೇ ಬ್ಯಾಸರ. ಅಂಗಡಿ ಬಿಡ್ತಾನಂತೆ."

"ಯಾಕ್ರಿ ಸಾರ್?"

"ಒಂದು ಕಾಲೇಜಿನೋರು ಇಪ್ಪತ್ತು ಕಂಪ್ಯೂಟರ್ ಜೋಡಿಸಿ ಕೊಡು ಅಂತ ಬಂದಿದ್ರು. ಬ್ಯಾಡ ಅಂದ್ನಂತೆ. ಕೇಳಿದ್ರೆ, ಕಿವಿ ಹೋದಾಗ ಬೆರಳು ಐತೆ ಅಂತ ಧೈರ್ಯ ಇತ್ತು ಸಾರ್, ಈಗ ಬೆರಳೂ ಸುಳ್ಳು ಹೇಳ್ತಾವೆ, ಒಂದು ಫ್ಯಾನು ಸರಿ ಮಾಡಾಕ ಆಗ್ತಿಲ್ಲ ನನಗೆ ಅಂದ."

ಮೇಷ್ಟ್ರು ಇನ್ನೂ ಏನೋ ಹೇಳುತ್ತಿದ್ದರು. ನೀಲಾಂಬಿಕೆ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

*

ಬಸ್ಸಿನಲ್ಲಿ ಅವಳಿಗೆ ಅಳುವೂ ಬರಲಿಲ್ಲ. ಕಿವಿಯಿಲ್ಲದವನಿಗೆ ಕಿವಿಯ ವಿಷಯದಲ್ಲೇ ಸುಳ್ಳು ಹೇಳಿದೆ. ಕುರುಡನಿಗೆ ದಾರಿ ತಪ್ಪಿಸಿದ ಹಾಗೆ. ಅದೂ ಯಾರಿಗೆ? ಅವಳ ಮಾತನ್ನು ತುಟಿಯಿಂದ ಒಂದೊಂದೇ ಆರಿಸಿಕೊಂಡು, ನೀವಂದ್ರೆ ಇರುತ್ತೆ ಎಂದು ನಂಬಿದವನಿಗೆ.

ರುದ್ರಮುನಿ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. "ಬರ್ರಿ, ಕೂಡ್ರಿ. ಭಾನುವಾರ ನಾನೇ..."

"ಸದ್ದು ಇಲ್ಲ," ಅಂದಳು.

"ಏನ್ರಿ?"

"ಫ್ಯಾನಿಂದು. ಎರಡನೇ ವಾರಕ್ಕೇ ಸರಿಯಾಗಿತ್ತು. ನಿಮ್ಮ ಬೆರಳು ಹೇಳಿದ್ದೇ ಖರೆ. ಸುಳ್ಳು ಹೇಳಿದ್ದು ನಾನು."

ಅವನು ತನ್ನ ಕೈಗಳನ್ನು ನೋಡಿಕೊಂಡ. ಮೊದಲು ಮುಖದ ಮೇಲೆ ಒಂದು ಬಿಡುಗಡೆ ಹಾದುಹೋಯಿತು. ಅದರ ಹಿಂದೆಯೇ ನೋವು ಬಂತು.

"ಯಾಕ?"

ನೀಲಾಂಬಿಕೆ ತಲೆ ತಗ್ಗಿಸಿ ಹೇಳಿದಳು.

"ಕೇಳಿಸಲಿಲ್ರಿ," ಅಂದ ಅವನು. ದನಿ ಗಡುಸಾಗಿತ್ತು. "ತಲೆ ತಗ್ಗಿಸಿ ಹೇಳಿದ್ರೆ ನನಗೆ ಕೇಳಿಸಲ್ಲ. ನಿಮಗೆ ಗೊತ್ತೈತೆ."

ಅವಳು ತಲೆಯೆತ್ತಿದಳು. ಹೊರಗೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು.

"ಸರಿಯಾಯ್ತು ಅಂದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ!" ಎಂದು ಕೂಗಿಯೇಬಿಟ್ಟಳು. "ವಾರದಾಗೆ ಆರು ದಿನ ನನ್ನ ಜೊತೆ ಯಾರೂ ಮಾತಾಡಲ್ಲ! ಭಾನುವಾರ ನೀವು ಬರ್ತಿದ್ರಿ! ನನಗೆ ನೀವು ಬೇಕಾಗಿತ್ತು!"

ಎದುರಿನ ಮಂಡಕ್ಕಿ ಅಂಗಡಿಯವನು ಒಗ್ಗರಣೆ ಕಲೆಸುವುದನ್ನು ನಿಲ್ಲಿಸಿ ಇತ್ತ ತಿರುಗಿದ. ಆಟೋದಲ್ಲಿ ಕೂತಿದ್ದ ಇಬ್ಬರು ಹೆಂಗಸರು ಬಗ್ಗಿ ನೋಡಿದರು. ನೀಲಾಂಬಿಕೆಯ ಕಿವಿಯ ಹಾಲೆ ಕೆಂಪಾದರೂ ಅವಳು ಅಲುಗಾಡಲಿಲ್ಲ.

ರುದ್ರಮುನಿ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ.

"ಬೇರೆ ಯಾವುದ್ರಾಗಾದ್ರೂ ಸುಳ್ಳು ಹೇಳ್ರಿ," ಎಂದ. "ಸದ್ದಿನ ವಿಷಯದಾಗೆ ಹೇಳಬ್ಯಾಡ್ರಿ. ಅಲ್ಲಿ ನಾನು ಮಂದಿ ಹೇಳಿದ್ದನ್ನ ನಂಬಲೇಬೇಕು. ಬೇರೆ ದಾರಿ ಇಲ್ಲ ನನಗೆ."

"ಇನ್ಯಾವತ್ತೂ ಹೇಳಲ್ಲ. ಆ ಕಾಲೇಜಿನೋರ ಹತ್ರ ನಾನೇ ಹೋಗಿ ಮಾತಾಡ್ತೀನ್ರಿ."

"ಅದು ಬೇರೆಯೋರಿಗೆ ಹೋತು."

ಹೋದದ್ದು ಹೋಗಿತ್ತು, ಅದು ಅವಳಿಂದಲೇ ಹೋಗಿತ್ತು. ಕಣ್ಣು ತುಂಬಿಬಂತು. ಹೊರಡಬೇಕೆಂದು ಹೊಸ್ತಿಲ ಕಡೆ ತಿರುಗಿದಳು.

"ಊಟ ಆತೇನ್ರಿ?"

ತಿರುಗಿ ನೋಡಿದಳು. ಅವನು ಪೆಟ್ಟಿಗೆಗೆ ತುಂಬಿದ್ದ ಸಾಮಾನುಗಳನ್ನು ಒಂದೊಂದಾಗಿ ಮೇಜಿನ ಮೇಲೆ ತೆಗೆದಿಡುತ್ತಿದ್ದ. ಕೋಪ ಪೂರ್ತಿ ಇಳಿದಿರಲಿಲ್ಲ. ಆದರೂ ಕೇಳಿದ್ದ.

"ಇಲ್ಲ."

"ನಂದೂ ಇಲ್ಲ."

ಮೂರು ಗಂಟೆಯ ಹೊತ್ತು, ಖಾನಾವಳಿಯಲ್ಲಿ ಜನವಿರಲಿಲ್ಲ. ಇಬ್ಬರೂ ಎದುರುಬದುರು ಕೂತರು. ಬಿಸಿ ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಎರಡು ವರ್ಷದಿಂದ ಅವಳು ಉಣ್ಣುವಾಗ ಎದುರಿಗೆ ಒಂದು ಗೋಡೆ ಮಾತ್ರ ಇರುತ್ತಿತ್ತು. ಈಗ ಒಬ್ಬ ಮನುಷ್ಯ ಕೂತಿದ್ದಾನೆ, ಎಲ್ಲಿ ನೋಡಬೇಕೆಂದೇ ತಿಳಿಯುತ್ತಿಲ್ಲ. ರೊಟ್ಟಿ ಮುರಿದಳು, ಬಾಯಿಗಿಡಲಾಗಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ.

"ಹಂಗೆ ನೋಡಬ್ಯಾಡ್ರಿ. ಉಣ್ಣಾಕ ಆಗಲ್ಲ."

"ನೋಡದಿದ್ರೆ ನೀವು ಮಾತಾಡಿದ್ದು ನನಗೆ ಗೊತ್ತಾಗಲ್ವಲ್ಲ."

"ನಾನೀಗ ಮಾತಾಡ್ತಿಲ್ವಲ್ಲ."

"ಮಾತಾಡಿಬಿಟ್ರೆ ಅಂತ," ಅಂದ ರುದ್ರಮುನಿ, ಮತ್ತು ನೋಡುತ್ತಲೇ ಇದ್ದ.